ಶಾಲು, ಹಾರ ಮತ್ತು ಸಂಬಳದ ಚೀಟಿ

ಕೃಷಿ ವಿಸ್ತರಣೆ ಅಂದ್ರೆ ಏನು ಅಂತ ನಮ್ಮ ಹಳ್ಳಿ ಕಡೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆ ಬೀಜ, ಗೊಬ್ಬರ ಅಂತ ಮನೆಬಾಗಿಲಿಗೆ ಬರ್ತಿದ್ದ ಗ್ರಾಮಸೇವಕರನ್ನ ಅವರು ಮರೆತಿಲ್ಲ. ಅಮೆರಿಕದಲ್ಲಿ ಇಂಥ ಕೆಲಸ ಮಾಡುವವರಿಗೆ ಕೌಂಟಿ ಏಜೆಂಟ್ ಅಂತ ಹೆಸರು. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು, ಜಿಲ್ಲೆ ಥರ. ನಾನಿರೋ ನಾರ್ತ್ ಕ್ಯಾರೊಲೈನದ ಕೌಂಟಿ ಏಜೆಂಟರ ಕಥೆಯೊಂದು ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅದನ್ನ ಹೇಳೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶುರುವಾಗಿದ್ದು ಒಂದು ಹುಳದಿಂದ. ಹತ್ತಿಕಾಯಿ ಕೊರೆಯುವ ಮೂತಿಹುಳು ಟೆಕ್ಸಾಸ್ ರೈತರನ್ನ ಹಣ್ಣುಮಾಡಿದ್ದಾಗ, 1903ರಲ್ಲಿ ಸೀಮನ್ ನ್ಯಾಪ್ ಎಂಬುವರು ಟೆರೆಲ್ ಎಂಬ ಊರಲ್ಲಿ ರೈತನ ಹೊಲದಲ್ಲೇ, ರೈತನ ಕೈಯಲ್ಲೇ ಬೆಳೆಸಿ ತೋರಿಸುವ ಪ್ರಯೋಗ ಮಾಡಿದರು. ಭಾಷಣ ಕೇಳಿ ರೈತ ನಂಬಲ್ಲ, ತನ್ನ ಹೊಲದಲ್ಲಿ ಬೆಳೆದಿದ್ದನ್ನ ನಂಬ್ತಾನೆ ಅನ್ನೋದು ಅವರ ಲೆಕ್ಕ. 1906ರ ನವೆಂಬರಿನಲ್ಲಿ ಟೆಕ್ಸಾಸಿನ ಸ್ಮಿತ್ ಕೌಂಟಿಗೆ ಸ್ಟಾಲಿಂಗ್ಸ್ ಎಂಬ ಏಜೆಂಟ್ ನೇಮಕವಾದರು. ಅದೇ ತಿಂಗಳು ಅಲಬಾಮದಲ್ಲಿ ಥಾಮಸ್ ಮನ್ರೋ ಕ್ಯಾಂಪ್‌ಬೆಲ್ ಎಂಬ ಕಪ್ಪು ಯುವಕನಿಗೂ ಕೆಲಸ ಸಿಕ್ಕಿತು. ಟಸ್ಕೀಗಿ ಸಂಸ್ಥೆಯ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ ಬಂಡಿಯಲ್ಲಿ ನೇಗಿಲು, ಬೀಜ ತುಂಬಿಕೊಂಡು ಆತ ಹಳ್ಳಿ ಹಳ್ಳಿ ಸುತ್ತಿದ. ಅಂದ್ರೆ ಈ ವೃತ್ತಿ ಹುಟ್ಟಿದಾಗಲೇ ಅದರಲ್ಲಿ ಕಪ್ಪು ಜನರೂ ಇದ್ದರು.

1914ರ ಸ್ಮಿತ್-ಲಿವರ್ ಕಾಯ್ದೆ ಈ ಕೆಲಸವನ್ನ ಇಡೀ ದೇಶದ ಕಾಯಂ ವ್ಯವಸ್ಥೆ ಮಾಡಿತು. ಮರುವರ್ಷವೇ ಕೌಂಟಿ ಏಜೆಂಟರ ರಾಷ್ಟ್ರೀಯ ಸಂಘ ಹುಟ್ಟಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ದುಡ್ಡಿನ ಹಿಡಿತ ಬಿಳಿಯರ ಕಾಲೇಜುಗಳ ಕೈಯಲ್ಲಿತ್ತು. ಕಪ್ಪು ಏಜೆಂಟರಿಗೆ ಬೇರೆ ವಿಭಾಗ, ಕಡಿಮೆ ಸಂಬಳ. ಮಾಡೋದು ಮಾತ್ರ ಅದೇ ಕೆಲಸ!

1964ರ ನಾಗರಿಕ ಹಕ್ಕು ಕಾಯ್ದೆ ಬಂದ ಮೇಲೆ ಎರಡು ವಿಭಾಗಗಳನ್ನ ಒಂದು ಮಾಡಲೇಬೇಕಾಯ್ತು. ಸಂತೋಷ ಅಂತೀರಾ? ಕ್ಯಾಂಪ್‌ಬೆಲ್ ಬಂಡಿ ಓಡಿಸಿದ ಅಲಬಾಮದಲ್ಲೇ, ವರ್ಷಗಟ್ಟಲೆ ತಮ್ಮ ವಿಭಾಗ ನಡೆಸಿದ್ದ ಕಪ್ಪು ಏಜೆಂಟರನ್ನ ಬಿಳಿಯ ಏಜೆಂಟರ ಕೈಕೆಳಗೆ ಹಾಕಿದರು. 1971ರಲ್ಲಿ ಫೆಡರಲ್ ಕೋರ್ಟ್ ಇದು ತಾರತಮ್ಯ ಅಂತ ತೀರ್ಪು ಕೊಡಬೇಕಾಯ್ತು.

ನಾರ್ತ್ ಕ್ಯಾರೊಲೈನದಲ್ಲಿ ವಿಲೀನ ಆಗಿದ್ದು 1965ರ ಆಗಸ್ಟ್ 1ರಂದು. ಬೋರ್ಡು ಒಂದಾಯ್ತು, ಸಂಬಳ ಒಂದಾಗಲಿಲ್ಲ. ನಮ್ಮ ಐಟಿ ಮಂದಿಗೆ ಇದು ತಟ್ಟನೆ ಅರ್ಥವಾಗತ್ತೆ. ಬೇಸಿಕ್ಕೇ ಕಡಿಮೆ ಇದ್ದರೆ, ಎಲ್ಲರಿಗೂ ಸಮನಾಗಿ ಹೈಕ್ ಕೊಟ್ಟರೂ ಅಂತರ ಹಾಗೇ ಉಳಿಯತ್ತೆ. 1971ರಲ್ಲಿ ಬೇಜ್‌ಮೋರ್ ಮತ್ತು ಇತರ ನೌಕರರು ಕೋರ್ಟಿಗೆ ಹೋದರು. ಓದು, ಸೇವಾವಧಿ, ಹುದ್ದೆ ಎಲ್ಲವನ್ನೂ ಸರಿದೂಗಿಸಿ ರಿಗ್ರೆಶನ್ ಲೆಕ್ಕ ಹಾಕಿದಾಗ, ಕಪ್ಪು ನೌಕರರಿಗೆ ಸರಾಸರಿ 1974ರಲ್ಲಿ 331 ಡಾಲರ್, 1975ರಲ್ಲಿ 395 ಡಾಲರ್ ಕಡಿಮೆ ಅಂತ ಕಂಡಿತು. ಹಳೇ ತಾರತಮ್ಯಕ್ಕೆ ನಾವು ಹೊಣೆಯಲ್ಲ, ಲೆಕ್ಕದಲ್ಲಿ ಎಲ್ಲ ಅಂಶಗಳೂ ಇಲ್ಲ ಅಂತ ಕೆಳಗಿನ ಕೋರ್ಟುಗಳು ತಳ್ಳಿಹಾಕಿದವು.

1986ರಲ್ಲಿ ಸುಪ್ರೀಂ ಕೋರ್ಟ್ ಈ ವಾದ ಒಪ್ಪಲಿಲ್ಲ. ತಾರತಮ್ಯ ಹಿಂದೆ ಯಾವಾಗಲೋ ಶುರುವಾಗಿರಬಹುದು, ಆದರೆ ಕಡಿಮೆ ಹಣ ಹೊತ್ತು ಬರುವ ಪ್ರತಿಯೊಂದು ಸಂಬಳದ ಚೀಟಿಯೂ ಹೊಸ ಅನ್ಯಾಯವೇ ಎಂದಿತು. ಒಂದೆರಡು ಅಂಶ ಬಿಟ್ಟುಹೋದ ಮಾತ್ರಕ್ಕೆ ಲೆಕ್ಕವನ್ನೇ ಕಸದಬುಟ್ಟಿಗೆ ಹಾಕಬೇಕಿಲ್ಲ ಎಂದೂ ಹೇಳಿತು. 4-ಎಚ್ ಮಕ್ಕಳ ಕ್ಲಬ್ಬುಗಳ ವಿಷಯದಲ್ಲಿ ಏಜೆಂಟರು ಸೋತರು, ಅದೂ ನಿಜ. ಆದರೆ ಸಂಬಳದ ಮಾತು ಬರೀ ಹೊಲಗದ್ದೆಯವರಿಗಷ್ಟೇ ಉಳಿಯಲಿಲ್ಲ. ಆಮೇಲಿನ ಎಷ್ಟೋ ಸಂಬಳ ತಾರತಮ್ಯದ ಕೇಸುಗಳಲ್ಲಿ ವಕೀಲರು ಈ ತೀರ್ಪನ್ನ ಮುಂದಿಟ್ಟಿದ್ದಾರೆ.

ವಿಸ್ತರಣಾ ಕಾರ್ಯಕರ್ತರನ್ನ ಗೌರವಿಸೋದು ಅಂದ್ರೆ ನಮ್ಮಲ್ಲಾದ್ರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಇಲ್ಲಿ ಫಲಕ, ಔತಣಕೂಟ. ಬೇಡ ಅನ್ನಲ್ಲ, ಅದೂ ಇರಲಿ. ಆದರೆ ಒಬ್ಬರ ಅನುಭವಕ್ಕೆ, ಮುಂದಾಳುತನಕ್ಕೆ ಬೆಲೆ ಕೊಟ್ಟಿದ್ದೀವೋ ಇಲ್ಲವೋ ಅಂತ ತಿಳಿಯೋಕೆ ಗೋಡೆ ಮೇಲಿನ ಫಲಕ ನೋಡಿದ್ರೆ ಸಾಲದು. ಕುರ್ಚಿ ಯಾರದು, ಸಂಬಳದ ಚೀಟಿಯಲ್ಲಿ ಏನಿದೆ, ಅದನ್ನ ನೋಡಬೇಕು. ಏನಂತೀರಿ?