ಭಕ್ಷಣ ನಿಷೇಧ ಮತ್ತು ಉಪಯೋಗ: ಅಥಣಿ–ನಿಪ್ಪಾಣಿ ಪ್ರದೇಶದ ಚರ್ಮೋದ್ಯೋಗದ ಒಂದು ಪರಿಶೀಲನೆ

ತಿನ್ನಲಾಗದ ವಸ್ತುವನ್ನು ಅನ್ಯ ರೀತಿಯಲ್ಲಿ ಉಪಯೋಗಿಸಬಹುದೇ ಎಂಬ ಪ್ರಶ್ನೆಯನ್ನು ಯೆಹೂದ್ಯ ಧರ್ಮಶಾಸ್ತ್ರವು ಬಹು ಸೂಕ್ಷ್ಮವಾಗಿ ವಿಚಾರಮಾಡಿದೆ. ತಾನಾಗಿ ಸತ್ತ ಪಶುವಿನ ಮಾಂಸವು ಯೆಹೂದ್ಯರಿಗೆ ಅಭಕ್ಷ್ಯ. ಆದರೆ ಅದರ ಕೊಬ್ಬನ್ನು ಇತರ ಕೆಲಸಗಳಿಗೆ ಬಳಸಬಹುದೆಂದು ಯಾಜಕಕಾಂಡವೂ (7:24), ಮಾಂಸವನ್ನು ಅನ್ಯದೇಶದವನಿಗೆ ಮಾರಬಹುದೆಂದು ಧರ್ಮೋಪದೇಶಕಾಂಡವೂ (14:21) ಅನುಮತಿಸುತ್ತವೆ. ಹಾಲಿನಲ್ಲಿ ಬೇಯಿಸಿದ ಮಾಂಸದ ವಿಷಯದಲ್ಲಾದರೋ ತಾಲ್ಮುದಿನ ಪಂಡಿತರು ಭಕ್ಷಣವನ್ನೂ ಉಪಯೋಗವನ್ನೂ ಒಟ್ಟಿಗೆ ನಿಷೇಧಿಸಿದರು.

ಭಕ್ಷಣಕ್ಕೂ ಉಪಯೋಗಕ್ಕೂ ಇರುವ ಈ ಭೇದವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನಜೀವನದಲ್ಲಿಯೂ ಬೇರೊಂದು ರೂಪದಲ್ಲಿ ಕಂಡುಬರುತ್ತದೆ. ಸತ್ತ ಎತ್ತು ಎಮ್ಮೆಗಳ ಮಾಂಸವು ಮೇಲ್ಜಾತಿಯವರಿಗೆ ನಿಷಿದ್ಧವಾಗಿದ್ದರೂ ತೊಗಲು ಎಲ್ಲರಿಗೂ ಬೇಕಾಗಿದ್ದಿತು. ಬಾವಿಯ ನೀರೆತ್ತುವ ಬಾನಿ, ಬಾರುಕೋಲು, ಪಾದರಕ್ಷೆ ಎಲ್ಲವೂ ತೊಗಲಿನವೇ. ಅದನ್ನು ಸುಣ್ಣದಲ್ಲಿ ನೆನೆಸಿ, ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದವರು ಢೋರರು. ಚಪ್ಪಲಿ ಹೊಲಿದವರು ಸಮಗಾರರು.

ಯೆಹೂದ್ಯರಲ್ಲಿಯೂ ಈ ಕಸಬಿಗೆ ಗೌರವವಿದ್ದಿತೆಂದು ಹೇಳಲಾಗದು. ಚರ್ಮ ಹದಮಾಡುವ ಸ್ಥಳವು ಊರಿನಿಂದ 50 ಮೊಳ ದೂರವಿರಬೇಕೆಂದು ಮಿಶ್ನಾ ವಿಧಿಸುತ್ತದೆ. ಆದರೆ ಸತ್ತ ಪಶುವನ್ನು ಮುಟ್ಟಿದವನ ಮೈಲಿಗೆಯು ಯಾಜಕಕಾಂಡದ ಪ್ರಕಾರ (11:39) ಅಂದಿನ ಸಾಯಂಕಾಲಕ್ಕೆ ಮುಗಿಯುತ್ತಿದ್ದಿತು. ನಮ್ಮಲ್ಲಿ ಅದಕ್ಕೆ ಸಾಯಂಕಾಲವೆಂಬುದೇ ಇರಲಿಲ್ಲ. ಅದು ಹುಟ್ಟಿನೊಡನೆ ಬಂದು ಮಕ್ಕಳಿಗೂ ದಾಟಿತು. ತೊಗಲಿನ ಉಪಯೋಗವು ಸರ್ವರದಾಯಿತು, ಅದರ ಮೈಲಿಗೆಯು ಕೆಲವರದಾಯಿತು.

ಈ ಅನ್ಯಾಯಕ್ಕೆ ಪ್ರತಿಭಟನೆಯೂ ಹುಟ್ಟಿತು. ಡಾ. ಅಂಬೇಡ್ಕರರು 1925ರ ಏಪ್ರಿಲಿನಲ್ಲಿ ನಿಪ್ಪಾಣಿಯ ದಲಿತ ವರ್ಗಗಳ ಪರಿಷತ್ತಿನಲ್ಲಿ ಭಾಗವಹಿಸಿದರು. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸವನ್ನು ತ್ಯಜಿಸಬೇಕೆಂದು ತಮ್ಮ ಜನರಿಗೆ ಕರೆಕೊಟ್ಟರು. ಅಸ್ಪೃಶ್ಯತೆಯ ನೆಪದಲ್ಲಿ ಒಬ್ಬನಿಂದ ಸತ್ತ ಪಶುವನ್ನು ಬಲವಂತವಾಗಿ ಸಾಗಿಸುವುದು ಅಥವಾ ಸುಲಿಸುವುದು ಅಪರಾಧವೆಂದು ಸ್ಪಷ್ಟವಾಗಿ ಶಾಸನಕ್ಕೆ ಸೇರಿದ್ದು ಮಾತ್ರ 1976ರಲ್ಲಿ.

2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದುವು. ವಸ್ತುವಿಗೆ ಇಂತು ಗೌರವ ಸಂದಿದೆ. ಈ ಭಾಗದ ಚರ್ಮೋದ್ಯೋಗದ ಇತಿಹಾಸವನ್ನು ಬರೆಯುವವರು ಮಾರುಕಟ್ಟೆಯ ವಿವರಗಳಷ್ಟೇ ಶ್ರದ್ಧೆಯಿಂದ, ಆ ಗೌರವದಲ್ಲಿ ತಯಾರಿಸಿದವರಿಗೆ ಸಂದ ಪಾಲೆಷ್ಟೆಂಬುದನ್ನೂ ಪರಿಶೀಲಿಸುವುದು ಅವಶ್ಯ.