ತೋಪಿನ ಮೈಮೇಲಿನ ಬರಹ

ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರ ನೋಡಲು ಬರುವ ಶಾಲೆಯ ಮಕ್ಕಳು ಗೋಳಗುಮ್ಮಟದ ಪ್ರತಿಧ್ವನಿಯನ್ನು ಕೇಳಿ ನಲಿಯುತ್ತಾರೆ. ವಾಚಕರೇ, ಅವರನ್ನು ಮಲಿಕ್-ಎ-ಮೈದಾನ ತೋಪಿನ ಬಳಿಗೂ ಕರೆದೊಯ್ಯಿರಿ. ಅದರ ಮೈಮೇಲಿನ ಬರಹಗಳನ್ನು ತೋರಿಸಿರಿ. 1549ರಲ್ಲಿ ಅಹಮದನಗರದಲ್ಲಿ ಅದನ್ನು ಎರಕ ಹೊಯ್ದ ಮಹಮ್ಮದ ಬಿನ್ ಹಸನ್ ರೂಮಿಯ ಹೆಸರು ಅಲ್ಲಿದೆ. 1632ರಲ್ಲಿ ಪರಾಂಡಾ ಕೋಟೆಯಿಂದ ಅದನ್ನು ಇಲ್ಲಿಗೆ ತಂದವನು ಆದಿಲಶಾಹಿಯ ಸರದಾರ ಮುರಾರಿ ಪಂಡಿತ. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ತನ್ನ ಜಯವನ್ನೂ ಅದರ ಮೇಲೆ ಕೆತ್ತಿಸಿದನು. ಹಳೆಯ ಬರಹ ಹಾಗೆಯೇ ಉಳಿಯಿತು.

1565ರ ರಕ್ಕಸತಂಗಡಿಯ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದು ಹೇಳಿಬಿಡುವುದು ಸುಲಭ. ಆದರೆ ಅದಕ್ಕೆ ಕೆಲವೇ ವರ್ಷಗಳ ಮುಂಚೆ ರಾಮರಾಯನೂ ಅಲಿ ಆದಿಲಶಹನೂ ಕೂಡಿಯೇ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದರು. ಇದನ್ನು ಬಿಟ್ಟು ಹೇಳಿದರೆ ಕಥೆಯಾದೀತು, ಚರಿತ್ರೆಯಾಗದು.

ಅಮೆರಿಕದವರೂ ಈ ತೊಡಕಿನಿಂದ ಪಾರಾಗಿಲ್ಲ. 1861–65ರ ಅಂತರ್ಯುದ್ಧದ ಮೂಲಕಾರಣ ಗುಲಾಮಗಿರಿ. ಅದನ್ನು ಮರೆಮಾಚಿದ ಪಾಠಗಳನ್ನೇ ದಕ್ಷಿಣದ ರಾಜ್ಯಗಳಲ್ಲಿ ಎಷ್ಟೋ ಮಕ್ಕಳು ಓದಿ ಬೆಳೆದರು. 2021ರಲ್ಲಿ ರಿಚ್ಮಂಡ್ ನಗರದ ಸೇನಾಪತಿ ಲೀಯ ಪ್ರತಿಮೆಯನ್ನು ಇಳಿಸಿದರೂ ವಾದ ಮುಗಿದಿಲ್ಲ.

2014ರಲ್ಲಿ ಬಿಜಾಪುರವು ಮತ್ತೆ ವಿಜಯಪುರವಾಯಿತು. ಚಾಲುಕ್ಯರ ಕಾಲದ ಹೆಸರು ಮರಳಿತು, ಸಂತೋಷ. ಮಕ್ಕಳು ಕೇಳಿದಾಗ ಮಾತ್ರ ಎರಡು ಹೆಸರುಗಳ ಕಥೆಯನ್ನೂ ಪೂರ್ತಿಯಾಗಿ ಹೇಳಿರಿ.