ಶೇಂಗಾ ಹಾಲು ಆಕಳ ಹಾಲಿಗೆ ಸಮವೇ? ಮನೆಯಲ್ಲಿ ಮಾಡುವ ಮುನ್ನ ಇದನ್ನು ಓದಿ

‘ಶೇಂಗಾ ನೆನೆಸಿ, ರುಬ್ಬಿ, ಸೋಸಿದರೆ ಹಾಲು ರೆಡಿ. ಆಕಳ ಹಾಲಿಗಿಂತ ಉತ್ತಮ, ಎಳೆ ಮಕ್ಕಳಿಗೂ ಕೊಡಬಹುದು’ ಎಂಬ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮೊದಲ ಮಾತು ನಿಜ. ಎರಡನೆಯದು ಸುಳ್ಳು, ಮಗುವಿನ ವಿಷಯದಲ್ಲಂತೂ ಅಪಾಯಕಾರಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಶೇಂಗಾ ಹೊಸದಲ್ಲ. ಮಳೆ ನಂಬಿದ ಹೊಲಗಳಲ್ಲಿ ಬೆಳೆಯುವ ಈ ಕಾಳು ಚಟ್ನಿಪುಡಿ, ಹೋಳಿಗೆ, ಎಣ್ಣೆಯಾಗಿ ಮನೆ ಸೇರುತ್ತದೆ. ದುಬಾರಿ ಬಾದಾಮಿ ಹಾಲಿಗಿಂತ ಇದು ನಮಗೆ ಹತ್ತಿರ.

ಮಾಡುವುದು ಹೇಗೆ?

100 ಗ್ರಾಂ ಹಸಿ ಶೇಂಗಾ ಬೀಜವನ್ನು ಮೊದಲು ಕೈಯಲ್ಲಿ ಆರಿಸಿ. 6ರಿಂದ 8 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಉಜ್ಜಿ ಸಿಪ್ಪೆ ತೆಗೆಯಿರಿ. ಮುಕ್ಕಾಲು ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ನುಣ್ಣಗೆ ರುಬ್ಬಿ, ತೆಳುವಾದ ಬಟ್ಟೆಯಲ್ಲಿ ಹಿಂಡಿ ಸೋಸಿ. ತಳ ಹತ್ತದಂತೆ ಕೈಯಾಡಿಸುತ್ತ 10 ನಿಮಿಷ ಕುದಿಸಿದರೆ ಹಸಿ ವಾಸನೆ ಹೋಗುತ್ತದೆ. ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಬಳಸಿ. ಉಳಿದ ಚರಟವನ್ನು ರೊಟ್ಟಿ ಹಿಟ್ಟಿಗೆ ಕಲಸಬಹುದು.

ಆಕಳ ಹಾಲಿಗೆ ಸಮವೇ?

ಪ್ರೋಟೀನ್‌ನಲ್ಲಿ ಹತ್ತಿರ ಬರುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಸೋಸಿದಾಗ ಒಂದಿಷ್ಟು ಚರಟದಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಲೆಕ್ಕ ಬೇರೆ. 200 ಮಿ.ಲೀ. ಆಕಳ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನೀವು ಮಾಡಿದ ಇಡೀ ಪಾತ್ರೆ ಶೇಂಗಾ ಹಾಲಿನಲ್ಲಿ 100 ಮಿಲಿಗ್ರಾಂ ಕೂಡ ಇರುವುದಿಲ್ಲ. ವಿಟಮಿನ್ ಬಿ12 ಇಲ್ಲವೇ ಇಲ್ಲ.

ಮೈಸೂರಿನ ಸಿಎಫ್‌ಟಿಆರ್‌ಐ ಹಿಂದೆ ‘ಮಿಲ್ಟೋನ್’ ಎಂಬ ಪೇಯ ರೂಪಿಸಿತ್ತು. ಅಲ್ಲಿಯೂ ಶೇಂಗಾ ಪ್ರೋಟೀನನ್ನು ಹಾಲಿನ ಜೊತೆ ಬೆರೆಸಿ, ವಿಟಮಿನ್, ಖನಿಜಗಳನ್ನು ಸೇರಿಸಲಾಗಿತ್ತು. ಬರೀ ಶೇಂಗಾ ಸಾಲದು ಎಂಬುದು ಇದರಿಂದಲೇ ತಿಳಿಯುತ್ತದೆ.

ಕುದಿಸಿದರೆ ಬೂಷ್ಟಿನ ವಿಷ ಹೋಗುತ್ತದೆಯೇ?

ಇಲ್ಲ. ಕಟಾವಿನ ಹೊತ್ತಿಗೆ ಬರ ಬಿದ್ದರೆ, ಕಿತ್ತ ಮೇಲೆ ಮಳೆಗೆ ನೆನೆದರೆ ಶೇಂಗಾಕ್ಕೆ ಶಿಲೀಂಧ್ರ ತಗಲಬಹುದು. ಅದು ಬಿಡುವ ಅಫ್ಲಾಟಾಕ್ಸಿನ್ ವಿಷ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಮೇವಿನಲ್ಲಿದ್ದ ಶೇಂಗಾ ಹಿಂಡಿಯಿಂದಲೇ ಈ ವಿಷ ಪತ್ತೆಯಾಯಿತು. ಕುದಿಸಿದರೆ ಶಿಲೀಂಧ್ರ ಸಾಯುತ್ತದೆ, ವಿಷ ಬಹುಪಾಲು ಉಳಿಯುತ್ತದೆ. ಆದ್ದರಿಂದ ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕುಗಟ್ಟಿದ, ಮುಗ್ಗು ವಾಸನೆಯ ಬೀಜ ಎಸೆಯಿರಿ. ಅದನ್ನು ದನಕ್ಕೂ ಹಾಕಬೇಡಿ. ವಿಷದ ಅಂಶ ಅದರ ಹಾಲಿಗೂ ಬರುತ್ತದೆ. ಮನೆಯ ಕಾಯಿಯಾದರೆ ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲ ಎನ್ನುವಷ್ಟು ಒಣಗಿಸಿಯೇ ಚೀಲ ತುಂಬಿ.

ಯಾರು ಕುಡಿಯಬಹುದು, ಯಾರು ಕುಡಿಯಬಾರದು?

ಆಕಳ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ದೊಡ್ಡವರಿಗೆ ಇದು ಒಗ್ಗಬಹುದು. ಇದರಲ್ಲಿ ಲ್ಯಾಕ್ಟೋಸ್ ಇಲ್ಲ. ಆದರೆ ಕ್ಯಾಲ್ಸಿಯಂಗೆ ರಾಗಿ, ಎಳ್ಳು, ನುಗ್ಗೆಸೊಪ್ಪು ಊಟದಲ್ಲಿರಲಿ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದನ್ನೂ ತಿನ್ನದವರು ಬಿ12 ಬಗ್ಗೆ ವೈದ್ಯರನ್ನು ಕೇಳಿ.

ಮೊದಲ 6 ತಿಂಗಳು ಮಗುವಿಗೆ ಎದೆಹಾಲು ಮಾತ್ರ ಸಾಕು. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲಿಗೆ ಶೇಂಗಾ ಹಾಲು ಕೊಡಲೇಬೇಡಿ. ಎದೆಹಾಲು ಸಾಲದಿದ್ದರೆ ವೈದ್ಯರ ಬಳಿ ಹೋಗಿ. ಶೇಂಗಾ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು. ಕುಡಿದ ಮೇಲೆ ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಾವು ಹೇಳುವುದಿಷ್ಟೇ: ಶೇಂಗಾ ಹಾಲು ಒಳ್ಳೆಯ ಪೇಯ, ಆಕಳ ಹಾಲಿಗೆ ಬದಲಿಯಲ್ಲ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ, ಅದನ್ನು ಓದುವವರ ಮನೆಯಲ್ಲಿ ಎಳೆ ಮಗು ಇರಬಹುದು ಎಂದು ಒಮ್ಮೆ ಯೋಚಿಸಿ.